ಅಪ್ಪನ ಮಾರುತಿ, ಅವ್ವನ ಪಾಟಲಿ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಸೋಮಾರಿ ಅಂತ ಬೈಯಬೇಡಿ, ಈ ಸಲ ನಿಜವಾದ ಕಾರಣ ಇದೆ. 2025ರ ಜುಲೈಯಿಂದ ಸೆಪ್ಟೆಂಬರ್ ತನಕ ನನ್ನ ಉಗುರಿನ ಸಂದಿಯಲ್ಲಿ ಕರಿ ಎಣ್ಣೆ ಮೆತ್ತಿಕೊಂಡಿತ್ತು. ಆಫೀಸಿನಲ್ಲಿ ಸಹಿ ಮಾಡಿದ ಕಾಗದದ ಮೇಲೆಲ್ಲಾ ಹೆಬ್ಬೆಟ್ಟಿನ ಗುರುತು!

ವಿಷಯ ಇಷ್ಟೇ. ಖಾನಾಪುರದ ನಮ್ಮ ಮನೆಯಲ್ಲಿ ಅಪ್ಪನ ಮಾರುತಿ 800 ಇದೆ. 1995ರ ಗಾಡಿ, ಕೆಎ 22 ನೋಂದಣಿ, ಕಾರ್ಬ್ಯುರೇಟರ್ ಇರೋದು, ನಾಲ್ಕು ಗೇರು. ಅಪ್ಪ ಸಾಲಿ ಮಾಸ್ತರು, ಹೊಸದು ಕೊಳ್ಳೋ ಮಾತೇ ಇರಲಿಲ್ಲ, 2003ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ ಎರಡು ವರ್ಷದಿಂದ ಅದು ಹೊಗೆ ಕಾರ್ತಿತ್ತು. ಬರೀ ಹೊಗೆ ಅಲ್ಲ, ನೀಲಿ ಹೊಗೆ. ಎಕ್ಸಲರೇಟರ್ ಒತ್ತಿದಷ್ಟೂ ಜಾಸ್ತಿ. ಹಿಂದೆ ಬರೋ ಬೈಕಿನವರು ಮೂಗು ಮುಚ್ಚಿಕೊಂಡು, ನಮ್ಮನ್ನ ದಾಟುವಾಗ ಒಂದ್ಸಲ ತಿರುಗಿ ನೋಡಿ ಹೋಗ್ತಿದ್ದರು. ಅಪ್ಪ "ಮಾರಿಬಿಡೂಣ" ಅಂದ್ರು. ಗುಜರಿಯವನು ಬಂದು ನೋಡಿ ಒಂದು ರೇಟೂ ಹೇಳಿ ಹೋದ. ಡಿಸೆಂಬರಿನಲ್ಲಿ ಆರ್‌ಸಿ ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕಿತ್ತು, ಅದೊಂದು ತಲೆನೋವು ಬೇರೆ.

ನನಗೆ ಹಟ ಬಂತು. ನಾನು ಗೇರ್ ಹಾಕೋದು ಕಲಿತದ್ದು ಅದರಲ್ಲಿ. ಇಂಟರ್ನೆಟ್ಟಿನಲ್ಲಿ ಎಂಜಿನ್ ಬಿಚ್ಚಿ ಕಟ್ಟೋ ವಿಡಿಯೋ ನೋಡಿ ನೋಡಿ ನಾನೂ ಅರ್ಧ ಮಿಸ್ತ್ರಿ ಆಗಿದ್ದೇನೆ ಅನ್ನೋ ಭ್ರಮೆಯೂ ಇತ್ತು. ಮೂರೇ ಸಿಲಿಂಡರು, 796 ಸಿಸಿ, ಇಬ್ಬರು ಹಿಡಿದರೆ ಎತ್ತಿ ಪಕ್ಕಕ್ಕಿಡಬಹುದು. ಇದೇನ್ ಮಹಾ?

ಖಾನಾಪುರದಲ್ಲಿ ನಮ್ಮ ಗಾಡಿಯನ್ನ ಮೊದಲಿನಿಂದ ನೋಡಿಕೊಂಡು ಬಂದ ಮಿಸ್ತ್ರಿ ಕಾಕಾ ಇದ್ದಾರೆ. ಅವರು ಕಂಪ್ರೆಶನ್ ಗೇಜು ತಂದು ಮೂರೂ ಸಿಲಿಂಡರು ನೋಡಿದರು. ನಡುವಿನದು ತೀರಾ ಕಡಿಮೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದ್ರೆ ಮುಳ್ಳು ಮೇಲೇರಿತು. ಎಣ್ಣೆ ಬಿಟ್ಟಾಗ ಏರಿದರೆ ವಾಲ್ವಿನ ತಪ್ಪಲ್ಲ, ಪಿಸ್ಟನ್ ರಿಂಗು ಇಲ್ಲಾ ಸಿಲಿಂಡರಿನ ಗೋಡೆ ಸವೆದಿದೆ ಅಂತ ಅರ್ಥ.

"ಹಂಗಾದ್ರ ಪಿಸ್ಟನ್ನು, ರಿಂಗು, ಬೇರಿಂಗು ತರ್ತೀನಿ ಕಾಕಾ" ಅಂದೆ.

"ಮೊದಲ ಬಿಚ್ಚೂಣು ತಮ್ಮಾ. ಬಿಚ್ಚಿ ನೋಡಿ ಆಮ್ಯಾಲ ಸಾಮಾನ ತರೂಣು."

ಇದನ್ನ ಅವರು ಮೂರು ಸಲ ಹೇಳಿದರು. ಮೂರನೇ ಸಲ ಹೇಳುವಾಗ ಅಪ್ಪನ ಕಡೆ ನೋಡಿದರು, ಅಪ್ಪ ಅಂಗಳದ ಕಡೆ ನೋಡಿದರು. ನನಗೆ ಅದು ಆಗ ತಿಳೀಲಿಲ್ಲ.

ನಾನು ಮರುದಿನವೇ ಬೆಳಗಾವಿಯಲ್ಲಿ ಆಫೀಸು ಬಿಟ್ಟವನು ಸೀದಾ ಹಳೇ ಪಿ.ಬಿ. ರಸ್ತೆಯ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವರು "ಕಾಯ್ ಪಾಯ್ಜೆ?" ಅಂದ್ರು. ಪಟ್ಟಿ ತೋರಿಸಿದೆ. ಅವರು ಮೊದಲು ಕೇಳಿದ ಪ್ರಶ್ನೆ, "ಎಂಜಿನ್ ನಂಬರ್ ಯಾವುದರಿಂದ ಶುರು ಆಗ್ತದ?" ಒಳ್ಳೇ ಪ್ರಶ್ನೆ. ನಮ್ಮದು ಎಫ್8ಬಿ, ಆರು ವಾಲ್ವಿನದು. ಆಲ್ಟೋದಲ್ಲಿ ಬಂದದ್ದು ಎಫ್8ಡಿ, ಅದೂ 796 ಸಿಸಿಯೇ, ಬೋರೂ ಅಷ್ಟೇ, ಆದ್ರೆ ಹನ್ನೆರಡು ವಾಲ್ವು. "ಮಾರುತಿ 796" ಅಂತಷ್ಟೇ ಕೇಳಿದ್ರೆ ತಪ್ಪು ಹೆಡ್ ಗ್ಯಾಸ್ಕೆಟ್ಟು ಮನೆಗೆ ಬರಬಹುದು. ನಮ್ಮ ಪುಣ್ಯಕ್ಕೆ ಎಫ್8ಬಿ ಎಂಜಿನ್ನು ಓಮ್ನಿಯಲ್ಲೂ ಇತ್ತು. 800 ತಯಾರಾಗೋದು 2014ರ ಜನವರಿಯಲ್ಲಿ ನಿಂತರೂ ಓಮ್ನಿ 2019ರವರೆಗೆ ಬಂತು. ಹಾಗಾಗಿ ಸಾಮಾನು ಇನ್ನೂ ಸಿಗ್ತವೆ.

ಅವರು ಕೇಳಿದ ಎರಡನೇ ಪ್ರಶ್ನೆ: "ಸ್ಟ್ಯಾಂಡರ್ಡ್ ಏನ್ ಓವರ್‌ಸೈಜ್?"

"ಸ್ಟ್ಯಾಂಡರ್ಡ್" ಅಂದೆ ಠೀವಿಯಿಂದ. ಕಂಪನಿಯ ಎಂಜಿನ್ನು, ಯಾರೂ ಮುಟ್ಟಿಲ್ಲ, ಮತ್ತೇನಿರುತ್ತೆ? ಪಿಸ್ಟನ್ ಸೆಟ್ಟು, ರಿಂಗ್ ಸೆಟ್ಟು, ಬಿಲ್ಲು. ರಾತ್ರಿ ಮನೆಗೆ ಬಂದು ರಿಂಗಿನ ಪ್ಯಾಕೆಟ್ ಒಡೆದು ಬೆರಳಲ್ಲಿ ತಿರುಗಿಸಿ ನೋಡಿದ್ದೂ ನೋಡಿದ್ದೇ. ಎಷ್ಟು ಚೆಂದ ಹೊಳೀತಿತ್ತು ಅಂತೀರಿ!

ಮುಂದಿನ ಭಾನುವಾರ ಕಾಕಾ ಜೊತೆ ಎಂಜಿನ್ ಇಳಿಸಿದೆವು. ಖಾನಾಪುರದ ಜುಲೈ ಮಳೆ ನಿಮಗೆ ಗೊತ್ತಿರಬಹುದು, ಮಲಪ್ರಭೆ ಹುಟ್ಟೋ ಕಣಕುಂಬಿ ಇರೋದು ಇದೇ ತಾಲೂಕಿನಲ್ಲಿ. ಒಂದು ಸಲ ಹಿಡಿದರೆ ಬಿಡೋದಿಲ್ಲ. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಬಿಚ್ಚಿದ್ದು. ಹೆಡ್ ತೆಗೆದರೆ ಪಿಸ್ಟನ್ನಿನ ತಲೆ ಮೇಲೆ ಇದ್ದಿಲಿನ ಹಾಗೆ ಕಾರ್ಬನ್ನು. ಕಾಕಾ ಅದನ್ನ ಕೆರೆಯೋಕೆ ಹೋಗಲಿಲ್ಲ. "ಹಂಗ ಒಯ್ಯಿ ತಮ್ಮಾ, ಉದ್ಯಮಬಾಗದಾಗ ಬೋರ್ ಅಳತಿ ಆಗಲಿ" ಅಂದು ಬೀಡಿ ಹಚ್ಚಿದರು.

ಉದ್ಯಮಬಾಗ ಖಾನಾಪುರ ರಸ್ತೆಯಲ್ಲೇ ಇದೆ, ಮಚ್ಛೆ ಪೀರನವಾಡಿ ದಾಟಿದ ಮೇಲೆ. ಹೊರಗಿನವರಿಗೆ ಬೆಳಗಾವಿ ಅಂದ್ರೆ ಕುಂದಾ ಮತ್ತು ಗಡಿ ತಂಟೆ. ಆದ್ರೆ ಇದು ಫೌಂಡ್ರಿಗಳ, ಲೇತುಗಳ ಊರು. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಇಲ್ಲೇ. ಕಬ್ಬಿಣದ ನೇಗಿಲು ಮಾಡಿದ್ದೂ ಇಲ್ಲೇ. 1910ರಲ್ಲಿ ಜಾಗ ಬಿಡಬೇಕಾಗಿ ಬಂದು ಕಿರ್ಲೋಸ್ಕರವಾಡಿಗೆ ಹೋದರು. ಅವರು ಹೋದರೂ ಊರಿಗೆ ಅಂಟಿದ ಕಬ್ಬಿಣದ ವಾಸನೆ ಹೋಗಲಿಲ್ಲ ಅಂತ ನನಗನಿಸುತ್ತೆ. ಇರ್ಲಿ.

ಬೋರಿಂಗ್ ಮಿಸ್ತ್ರಿ ನನ್ನ ಹೊಸ ಪಿಸ್ಟನ್ ಡಬ್ಬಿ ನೋಡಿದರು, ಏನೂ ಅನ್ನಲಿಲ್ಲ. ಹಳೇ ಪಿಸ್ಟನ್ ಒಂದನ್ನ ಡೀಸೆಲ್ಲಿನಲ್ಲಿ ಅದ್ದಿ ಬಟ್ಟೆಯಿಂದ ತಿಕ್ಕಿ ನನ್ನ ಮುಂದೆ ಹಿಡಿದರು. ಅದರ ತಲೆ ಮೇಲೆ ಸಣ್ಣ ಅಂಕಿ ಒತ್ತಿತ್ತು: 0.25.

"ಇದು ಸ್ಟ್ಯಾಂಡರ್ಡ್ ಅಲ್ರಿ ಸರ. ಇದಕ್ಕ ಆಗಲೇ ಒಂದ್ ಸಲ ಬೋರ್ ಆಗೇತಿ. ಹತ್ತು ಥೌ."

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಈ ಎಂಜಿನ್ನಿನ ಸಿಲಿಂಡರಿನ ಹುಟ್ಟು ಅಳತೆ 68.50 ಮಿಲಿಮೀಟರ್. ಅದೇ ಸ್ಟ್ಯಾಂಡರ್ಡ್. ಸವೆದ ಮೇಲೆ ಗೋಡೆಯನ್ನ ಕೊರೆದು ದುಂಡಗೆ ಮಾಡಿ 68.75 ಮಾಡಿದರೆ ಅದಕ್ಕೆ 0.25 ಪಿಸ್ಟನ್ನು. ಮತ್ತೆ ಸವೆದರೆ 69.00, ಅದಕ್ಕೆ 0.50. ಅಲ್ಲಿಗೆ ಮುಗೀತು. (ಅಂಗಡಿಯವರು ಮಿಲಿಮೀಟರ್ ಅನ್ನೋದಿಲ್ಲ, ಹತ್ತು ಥೌ, ಇಪ್ಪತ್ತು ಥೌ ಅಂತಾರೆ. ಅದು ಇಂಚಿನ ಸಾವಿರದ ಲೆಕ್ಕ.) ಪಿಸ್ಟನ್ನಿಗೂ ಗೋಡೆಗೂ ನಡುವೆ ಇರಬೇಕಾದ ಸಂದು ಕೂದಲೆಳೆಗಿಂತ ತೆಳು. ನಾನು ಪ್ರೀತಿಯಿಂದ ತಂದ ಪಿಸ್ಟನ್ನು ಅದರೊಳಗೆ ಬಿಟ್ಟಿದ್ರೆ ಬಕೆಟ್ಟಿನೊಳಗಿನ ಚೊಂಬಿನ ಹಾಗೆ ಆಡ್ತಿತ್ತು.

ಅವರು ಬೋರ್ ಗೇಜು ಇಳಿಸಿ ಪ್ರತಿ ಸಿಲಿಂಡರಿನಲ್ಲೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೆ ಅಡ್ಡಕ್ಕೆ ಆರು ಕಡೆ ಅಳೆದರು. ನಡುವಿನ ಸಿಲಿಂಡರಿನ ಮೇಲ್ಭಾಗ 68.84. ಮೇಲೇ ಜಾಸ್ತಿ ಸವೆಯೋದು, ಯಾಕಂದ್ರೆ ಬೆಂಕಿಯ ಒತ್ತಡ ಜೋರಾಗಿರೋದು ಅಲ್ಲೇ, ಎಣ್ಣೆ ಕಡಿಮೆ ಇರೋದೂ ಅಲ್ಲೇ. ಮೊಟ್ಟೆಯ ಹಾಗೆ ಸ್ವಲ್ಪ ಉದ್ದಕ್ಕೂ ಆಗಿತ್ತು.

"ರಿಂಗ್ ಒಂದ ಹಾಕಿ ಕಟ್ಟಿದ್ರ?" ಅಂದೆ, ದುಡ್ಡಿನ ಲೆಕ್ಕ ಹಾಕ್ತಾ.

"ಹಾಕ್ರಿ. ಆರ್‌ಸಿ ಆಗೂ ತನಕಾ ಹೊಗಿ ನಿಂತೀತು. ಮೊಟ್ಟಿ ಆಕಾರದ ತೂತಿಗೆ ದುಂಡ ರಿಂಗು ಎಷ್ಟ ದಿನ ಕೂಡ್ತೈತಿ?"

ಇಪ್ಪತ್ತು ಥೌ ಹೊಡೆದರೆ ಇದೇ ಕೊನೆಯ ಬೋರು. ಆಮೇಲೆ ಸ್ಲೀವ್ ಕೂಡಿಸಬೇಕು, ಇಲ್ಲಾ ಬ್ಲಾಕ್ ಬದಲಿಸಬೇಕು. ಗುಜರಿಯಿಂದ ಹಳೇ ಓಮ್ನಿ ಎಂಜಿನ್ ತಂದು ಕೂಡಿಸೋದೂ ಒಂದು ದಾರಿ, ಆದ್ರೆ ಅದರ ಒಳಗೆ ಯಾವ ಅಂಕಿ ಇದೆಯೋ! ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಬಂದೆ.

ಅಪ್ಪ ಪಡಸಾಲೆಯಲ್ಲಿ ಪೇಪರ್ ಓದ್ತಿದ್ರು. 0.25 ಪಿಸ್ಟನ್ನನ್ನ ಅವರ ಮುಂದೆ ಇಟ್ಟೆ. "ಅಪ್ಪಾ, ಇದಕ್ಕ ಮೊದಲ ಬೋರ್ ಆಗೇತಂತ. ಹಳೇ ಮಾಲಕ ಮಾಡಿಸಿದ್ದನೇನು?"

ಅಪ್ಪ ಚಶ್ಮಾ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು.

"2009ರಾಗ ನಾನ ಮಾಡಿಸೇನಿ. ಮುಂದಿನ ವರ್ಷ ಹದಿನೈದು ವರ್ಷದ ಪಾಸಿಂಗ್ ಇತ್ತು."

ಒಳಗೆ ರೊಟ್ಟಿ ಬಡಿಯೋ ಸದ್ದು ನಿಂತಿತು. "ಆಗ ಕ್ಲಚ್ ಪ್ಲೇಟ್ ಅಂದಿದ್ರಲ್ಲಾ ನೀವು?" ಅವ್ವನ ದನಿ.

ಆ ವರ್ಷ ನಾನು ಪಿಯುಸಿ ಎರಡನೇ ವರ್ಷ. ಟ್ಯೂಶನ್ನಿಗೆ ಅಂತ ಅವ್ವನ ಪಾಟಲಿ ಸೊಸೈಟಿಯಲ್ಲಿ ಒತ್ತೆ ಇಟ್ಟಿದ್ದರು, ಅದು ನನಗೆ ಗೊತ್ತಿತ್ತು. ಬಿಡಿಸಿಕೊಳ್ಳೋ ದುಡ್ಡು ಕೈಗೆ ಬಂದಿತ್ತು ಅನ್ನೋದು ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಅದು ಮಾರುತಿಯ ಬೋರಿಗೆ ಹೋಗಿತ್ತು! ಸೊಸೈಟಿಯವರು ಇವತ್ತು ನಾಳೆ ಅಂತಿದ್ದಾರೆ ಅಂತ ಹೇಳಿ ಅಪ್ಪ ಒಂದು ವರ್ಷ ದಾಟಿಸಿದ್ದರಂತೆ. ತಂಗಿಯ ಮದುವೆ ಮಾತುಕತೆಗೆ ಅವ್ವ ಬರೀ ಗಾಜಿನ ಬಳೆಯಲ್ಲಿ ಕೂತಿದ್ದಳು. ಎಂಜಿನ್ ಕಟ್ಟಿದ್ದು ಇದೇ ಮಿಸ್ತ್ರಿ ಕಾಕಾ. "ಮನ್ಯಾಗ ಹೇಳಬ್ಯಾಡ" ಅಂದಿದ್ದರು ಅಪ್ಪ. ಹದಿನಾರು ವರ್ಷ ಆ ಮನುಷ್ಯ ಬಾಯಿ ಬಿಟ್ಟಿಲ್ಲ. "ಮೊದಲ ಬಿಚ್ಚೂಣು" ಅಂದದ್ದು ಅದಕ್ಕೇ.

ಅವ್ವ ಜಗಳ ಆಡಲಿಲ್ಲ. ರೊಟ್ಟಿ ಬಡಿಯೋದನ್ನ ಮತ್ತೆ ಶುರು ಮಾಡಿದಳು. ಊಟಕ್ಕೆ ಬಡಿಸುವಾಗ ಮಾತ್ರ, "ಈ ಸಲ ಯಾವುದರ ದುಡ್ಡು?" ಅಂತ ಕೇಳಿದಳು. ನನ್ನದು ಅಂದೆ. ಬಿಲ್ಲು ತೋರಿಸು ಅಂದಳು. ತೋರಿಸಿದೆ. ತಪ್ಪಾಗಿ ತಂದ ಪಿಸ್ಟನ್ನಿನ ಬಿಲ್ಲೂ ಸೇರಿ ತೋರಿಸಿದೆ. ಮುಚ್ಚಿಡೋ ಧೈರ್ಯ ಬರಲಿಲ್ಲ.

ಮುಂದಿನ ವಾರ ಅಪ್ಪ ತಾವಾಗಿಯೇ ನನ್ನ ಜೊತೆ ಬೆಳಗಾವಿಗೆ ಬಂದರು. ಕೈಯಲ್ಲಿ ಬೋರಿಂಗ್ ಮಿಸ್ತ್ರಿ ಬರೆದುಕೊಟ್ಟ ಚೀಟಿ. ಎರಡನೇ ಸಲದ ಖರೀದಿ ಬೇರೆಯೇ ಥರ. ಪಿಸ್ಟನ್ನು 0.50, ಅಂಗಡಿಯವರು ಪುಣ್ಯಾತ್ಮರು, ಹಳೆಯ ಪಿಸ್ಟನ್ ಸೆಟ್ಟು ವಾಪಸ್ ತಗೊಂಡು ಬದಲಿ ಕೊಟ್ಟರು. (ರಿಂಗ್ ತಗೊಳ್ಳಲಿಲ್ಲ, ಪ್ಯಾಕೆಟ್ ಒಡೆದದ್ದು ನಾನು.) ಕ್ರ್ಯಾಂಕನ್ನ ಮೈಕ್ರೋಮೀಟರಿನಲ್ಲಿ ನೋಡಿದ್ದರು, ಅದು ಸರಿಯಿತ್ತು, ಪಾಲಿಶ್ ಸಾಕು, ಹಾಗಾಗಿ ಬೇರಿಂಗು ಸ್ಟ್ಯಾಂಡರ್ಡೇ. ಇಲ್ಲಿ ಇನ್ನೊಂದು ಗೊಂದಲ ಇದೆ: ಪಿಸ್ಟನ್ನಿನ 0.25 ಅಂದ್ರೆ ತೂತು ದೊಡ್ಡದಾಗಿದೆ ಅಂತ, ಬೇರಿಂಗಿನ 0.25 ಅಂದ್ರೆ ಶಾಫ್ಟು ಸಣ್ಣದಾಗಿದೆ ಅಂತ. ಎರಡೂ ಡಬ್ಬಿ ಮೇಲೆ ಒಂದೇ ಅಂಕಿ! ವಾಲ್ವು ಹಳೆಯವೇ, ಪೇಸ್ಟ್ ಹಚ್ಚಿ ಉಜ್ಜಿ ಕೂಡಿಸಿದ್ದು. ನನ್ನ ಪಟ್ಟಿಯಲ್ಲಿದ್ದ ಆಯಿಲ್ ಪಂಪು ಹೊಡೆದು ಹಾಕಿದರು, ಒಳಗಿನ ಸಂದು ಅಳೆದು ಚೆನ್ನಾಗಿದೆ ಅಂದರು. ನನ್ನ ಪಟ್ಟಿಯಲ್ಲಿ ಇಲ್ಲದ ವಾಲ್ವ್ ಸೀಲು, ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲು, ಟೈಮಿಂಗ್ ಬೆಲ್ಟು, ನೀರಿನ ಪಂಪು ಸೇರಿಸಿದರು. ಇವೆಲ್ಲಾ ಕಂಪನಿಯದೇ ಇರಲಿ, ಬೋಲ್ಟು ನಟ್ಟಿಗೆಲ್ಲಾ ದುಡ್ಡು ಹಾಕಬ್ಯಾಡ್ರಿ ಅಂದರು. ನಾನು ಮೊದಲು ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಹೊಳೆಯೋದಕ್ಕೆ ದುಡ್ಡು, ಐವತ್ತು ರೂಪಾಯಿಯ ಸೀಲಿಗೆ ಜಿಪುಣತನ.

ಹೊಸ ಪಿಸ್ಟನ್ನು ಮೂರನ್ನೂ ಅಳೆದು, ಯಾವ ಪಿಸ್ಟನ್ನಿಗೆ ಯಾವ ಸಿಲಿಂಡರು ಅಂತ ಗುರುತು ಹಾಕಿ ಆಮೇಲೆ ಕೊರೆದರು. ಅಂದ್ರೆ ಅಳೆಯೋ ಮೊದಲು ಪಿಸ್ಟನ್ ತರಬಾರದು, ಪಿಸ್ಟನ್ ತರೋ ಮೊದಲು ಕೊರೆಯಬಾರದು. ಕೊರೆದ ಬ್ಲಾಕು ಮಳೆಗಾಲದಲ್ಲಿ ಒಂದು ರಾತ್ರಿಗೇ ತುಕ್ಕು ಹಿಡಿಯುತ್ತೆ. ಸೋಪಿನ ನೀರಲ್ಲಿ ತೊಳೆದು, ಎಣ್ಣೆ ಸವರಿ, ಅವ್ವನ ಹಳೇ ಸೀರೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಟೆಂಪೋದಲ್ಲಿ ಖಾನಾಪುರಕ್ಕೆ ತಂದೆವು. ಅಪ್ಪ ಡ್ರೈವರ್ ಪಕ್ಕ ಕೂರದೆ ಹಿಂದೆ ಬ್ಲಾಕಿನ ಜೊತೆ ಕೂತಿದ್ದರು.

ಕಟ್ಟಿದ ಕಥೆ ಬಹಳ ಇಲ್ಲ. ಎರಡು ಭಾನುವಾರ ಹಿಡೀತು, ಒಂದು ಸಲ ಡಿಸ್ಟ್ರಿಬ್ಯೂಟರ್ ತಪ್ಪು ಕೂಡಿಸಿ ಫಟ್ ಅಂತ ಹಾರಿಸಿದೆ. ಈ ನಡುವೆ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ ಹತ್ತು ಸಾವಿರ ಅಂತ ಕೇಂದ್ರದ ಆದೇಶ ಬಂತು. 2022ರ ಏಪ್ರಿಲ್‌ನಿಂದ ಅದು ಐದು ಸಾವಿರ ಇತ್ತು. ಸಾಮಾನೆಲ್ಲಾ ಕೊಂಡು ಮುಗಿದ ಮೇಲೆ ಸೆಪ್ಟೆಂಬರ್ 22ಕ್ಕೆ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು. ನಮ್ಮ ನಸೀಬು.

ಈಗ ಹೊಗೆ ಇಲ್ಲ. ಮೊದಲ ಸಾವಿರ ಕಿಲೋಮೀಟರು ಐವತ್ತು ಅರವತ್ತರ ಮೇಲೆ ಹೋಗಬಾರದು ಅಂದಿದ್ದರು ಕಾಕಾ. ಅಪ್ಪ ನಲವತ್ತೈದರ ಮೇಲೆ ಬಿಡಲಿಲ್ಲ. ದಸರಾಕ್ಕೆ ಅವ್ವನನ್ನ ಕೂರಿಸಿಕೊಂಡು ಬೆಳಗಾವಿಗೆ ಹೋದಾಗ ಹಿಂದಿನ ಟ್ರಕ್ಕಿನವನು ಮಚ್ಛೆವರೆಗೂ ಹಾರ್ನ್ ಹೊಡೆದ. ಅವ್ವ ಕಿಟಕಿಯ ಹೊರಗೆ ಕೈ ಹಾಕಿ ಮುಂದೆ ಹೋಗು ಅಂತ ಸನ್ನೆ ಮಾಡಿದಳು. ಕೈಯಲ್ಲಿ ಪಾಟಲಿ ಇತ್ತು.

ಅಂದ ಹಾಗೆ, ಸ್ಟ್ಯಾಂಡರ್ಡ್ ಸೈಜಿನ ರಿಂಗ್ ಸೆಟ್ಟು ನನ್ನ ಹತ್ತಿರ ಹಾಗೇ ಇದೆ. ಹಳೇ 800 ಅಥವಾ ಓಮ್ನಿ ಇಟ್ಟುಕೊಂಡವರಿಗೆ ಬೇಕಿದ್ರೆ ಹೇಳಿ, ಸುಮ್ಮನೆ ಕೊಡ್ತೀನಿ. ಪ್ಯಾಕೆಟ್ ಮಾತ್ರ ಒಡೆದಿದೆ.