ಗೋಡೆಯ ಮೇಲಿನ ಕಲೆ

ಮನೆಗಳ ಒಳಾಂಗಣ ವಿನ್ಯಾಸ ನನ್ನ ಕಸುಬು. ಬೆಂಗಳೂರಿನಲ್ಲಿ ಬೇರೆಯವರ ಮನೆಗಳನ್ನು ಚಂದ ಮಾಡಿಕೊಡುತ್ತ ಬಂದವಳಿಗೆ, ಸಾಗರದಲ್ಲಿ ಅಮ್ಮ ಒಬ್ಬಳೇ ಇರುವ ಮನೆ ಹಾಗೇ ಉಳಿದಿದೆಯಲ್ಲ ಎಂಬ ಕೊರಗು ಬಹಳ ಕಾಲದಿಂದ ಇತ್ತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆ ಬಂದಿರು ಎಂದು ಕರೆದಿದ್ದೆ. "ಇಲ್ಲಿ ಕಣ್ಣು ಮುಚ್ಚಿಕೊಂಡು ಓಡಾಡ್ತೀನಿ ಮಾರಾಯ್ತಿ. ನಿಮ್ಮ ಲಿಫ್ಟಿಗೂ ನನಗೂ ಆಗಿಬರಲ್ಲ" ಎಂದುಬಿಟ್ಟಳು. ಇಲ್ಲೇ ಇರುವುದಾದರೆ ಅನುಕೂಲವಾಗಿಯಾದರೂ ಇರಲಿ ಎಂದು ಮನೆಯನ್ನು ಹೊಸದು ಮಾಡಿಸಲು ನಾನೇ ನಿಂತೆ. ಆ ಕೆಲಸದಲ್ಲಿ ಎಡವಿದವಳು ನಾನು, ಬಿದ್ದವಳು ಅಮ್ಮ.

ಅದು ಹಳೆಯ ಮನೆ. ನಡುಮನೆಗೆ ಕೆಂಪು ಗಾರೆ ನೆಲ, ಬಚ್ಚಲಿಗೆ ಉಳಿಯಿಂದ ಕಚ್ಚು ಹೊಡೆದ ಒರಟು ಚಪ್ಪಡಿ, ಕಿಟಕಿಯ ಪಕ್ಕ ಅಪ್ಪ ಮಾಡಿಸಿದ, ಕೈಯಿರುವ ಬೀಟೆ ಕುರ್ಚಿ. ಬಚ್ಚಲಿಗೆ ಹೋಗುವ ಓಣಿಯಲ್ಲಿ ಅಜ್ಜಿಯ ಕಾಲದ ಮರದ ಪೆಟ್ಟಿಗೆ. ದಾರಂದಗಳ ಬಣ್ಣ ಅಲ್ಲಲ್ಲಿ ಸವೆದಿತ್ತು. ಗೋಡೆಗಳ ಮೇಲೆ ಸೊಂಟದೆತ್ತರಕ್ಕೆ ಎಣ್ಣೆಗೈ ತಾಗಿ ತಾಗಿ ಕಪ್ಪಾದ ಕಲೆಗಳಿದ್ದವು. ನನ್ನ ಕಣ್ಣಿಗೆ ಅವು ಬರೀ ಕೊಳೆ. ಪುಟ್ಟಿ ಹಾಕಿಸಿ ಬಿಳಿ ಬಣ್ಣ ಹೊಡೆಸಿದೆ. ಪೆಟ್ಟಿಗೆ ಅಡ್ಡ ಎಂದು ಎತ್ತಿಸಿದೆ. ಕುರ್ಚಿ ಅಟ್ಟ ಸೇರಿತು, ಅಲ್ಲಿಗೆ ತಗ್ಗಿನ ಸೋಫಾ ಬಂತು. ನಡುಮನೆಯಿಂದ ಬಚ್ಚಲಿನವರೆಗೂ ಒಂದೇ ಬಣ್ಣದ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ಹಾಸಿಸಿದೆ. ನೀರು ಹೊರಗೆ ಬಾರದಂತೆ ಬಚ್ಚಲನ್ನು ಒಂದೂವರೆ ಇಂಚು ತಗ್ಗಿಸಿದ್ದೆವು. ಬಿಳಿಯ ಪಕ್ಕ ಬಿಳಿ ಬಂದು ಆ ಮೆಟ್ಟಿಲು ಇದೆಯೆಂದೇ ತಿಳಿಯುತ್ತಿರಲಿಲ್ಲ. ಆಗ ಅದನ್ನೇ ನಾನು ಕೆಲಸದ ನಯ ಎಂದುಕೊಂಡಿದ್ದೆ.

ಕಮೋಡ್ ಕೂರಿಸುವಾಗ ಪ್ಲಂಬರ್ ಕೇಳಿದ್ದ: "ಅಮ್ಮೋರಿಗೆ ಹಿಡ್ಕಳಕ್ಕೆ ಗೋಡೆಗೊಂದು ರಾಡ್ ಹಾಕಣ್ವಾ ಮೇಡಂ?" ಬೇಡ, ಆಸ್ಪತ್ರೆ ಥರ ಕಾಣುತ್ತೆ ಎಂದೆ. ಅಮ್ಮ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಒಂದು ಮಾತು ಕೇಳಬೇಕು ಅಂತಲೂ ನನಗೆ ಅನ್ನಿಸಲಿಲ್ಲ.

ಒಂದು ಬೆಳಗಿನ ಜಾವ ಬಚ್ಚಲಿಗೆ ಎದ್ದವಳಿಗೆ ಆ ತಗ್ಗು ಕಾಣಲಿಲ್ಲ. ತಪ್ಪಿದ ಹೆಜ್ಜೆಗೆ ಕೈ ಚಾಚಿ ಸಿಕ್ಕಿದ ಟವೆಲ್ ರಾಡನ್ನು ಹಿಡಿದಳಂತೆ. ಟವೆಲ್ಲಿನ ಭಾರಕ್ಕೆ ಮಾಡಿದ ರಾಡು ಎರಡು ಪುಟ್ಟ ಸ್ಕ್ರೂ ಸಮೇತ ಕಿತ್ತು ಕೈಗೆ ಬಂತು. ಪಕ್ಕದ ಮನೆಯವರು ಹಿಂಬಾಗಿಲು ಮುರಿದು ಒಳಗೆ ಬರುವ ಹೊತ್ತಿಗೆ ಬೆಳಕು ಹರಿದಿತ್ತು. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ನಾನು ಶಿವಮೊಗ್ಗದ ಆಸ್ಪತ್ರೆ ತಲುಪಿ ಮಂಚದ ಪಕ್ಕ ನಿಂತಾಗ ಅಮ್ಮ ಹೇಳಿದ ಮೊದಲ ಮಾತು, "ರಾಡ್ ಕಿತ್ತು ಹೋಯ್ತು ಕಣೆ, ಹೊಸಾದಾಗಿತ್ತು."

ನೋಡಲು ಬಂದ ನೆಂಟರೆಲ್ಲ ಹೇಗೆ ಬಿದ್ದರು ಎಂದು ಕೇಳುತ್ತಿದ್ದರು. "ವಯಸ್ಸಾಯ್ತಲ್ಲ, ಕಾಲು ಜಾರಿತು" ಎಂದು ಎಲ್ಲರಿಗೂ ಹೇಳಿದೆ. ಅಮ್ಮ ಕೇಳಿಸಿಕೊಳ್ಳುತ್ತಿದ್ದಳು; ಒಮ್ಮೆಯೂ ತಿದ್ದಲಿಲ್ಲ. ಅವಳ ಆ ಸುಮ್ಮನಿರುವಿಕೆ ನನ್ನನ್ನು ಚುಚ್ಚಿದಷ್ಟು ಯಾರ ಬೈಗುಳವೂ ಚುಚ್ಚುತ್ತಿರಲಿಲ್ಲ. ನನ್ನ ತಪ್ಪನ್ನು ಅವಳ ವಯಸ್ಸಿನ ತಲೆಗೆ ಕಟ್ಟಿದ್ದೆ.

ಆಪರೇಷನ್ ಆದ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಮನೆಯ ಹಳೆಯ ಫೋಟೊಗಳನ್ನು ನೋಡುತ್ತ ಕೂತೆ. ಕೆಲಸಕ್ಕೆ ಮುಂಚಿನದು, ಆಮೇಲಿನದು ಎಂದು ಗಿರಾಕಿಗಳಿಗೆ ತೋರಿಸಲು ತೆಗೆದಿಟ್ಟವು. ಒಂದನ್ನು ದೊಡ್ಡದು ಮಾಡಿದಾಗ ಗೋಡೆಯ ಕಲೆಗಳು ಸಾಲಾಗಿ ಕಂಡವು. ಕೋಣೆಯ ದಾರಂದದಲ್ಲಿ ಒಂದು, ಅಲ್ಲಿಂದ ಎರಡು ಹೆಜ್ಜೆಗೆ ಗೋಡೆಯ ಮೇಲೆ ಇನ್ನೊಂದು. ಆಮೇಲೆ ಆ ಮರದ ಪೆಟ್ಟಿಗೆ, ಅದರ ಒಂದು ಮೂಲೆ ಮಾತ್ರ ನುಣ್ಣಗೆ ಹೊಳೆಯುತ್ತಿದೆ. ಬಚ್ಚಲ ಬಾಗಿಲ ಬಲಕ್ಕೆ ಎಲ್ಲಕ್ಕಿಂತ ಕಪ್ಪಾದ ಕಲೆ. ಕಣ್ಣು ಮುಚ್ಚಿಕೊಂಡು ಓಡಾಡ್ತೀನಿ ಎಂದಿದ್ದಳಲ್ಲ, ಅವಳು ಓಡಾಡುತ್ತಿದ್ದದ್ದು ಆ ಹಿಡಿತಗಳ ಬಲದ ಮೇಲೆ. ಎಲ್ಲೆಲ್ಲಿ ಆಸರೆ ಬೇಕು ಎಂಬುದನ್ನು ಅಮ್ಮನ ಕೈ ವರ್ಷಗಟ್ಟಲೆ ಗೋಡೆಯ ಮೇಲೆ ಬರೆದಿಟ್ಟಿತ್ತು. ನಾನು ಸಂಬಳ ಕೊಟ್ಟು ಅಳಿಸಿದ್ದೆ.

ಇದು ಗೊತ್ತಿಲ್ಲದೆ ಆದದ್ದೂ ಅಲ್ಲ. 1979ರಲ್ಲಿ ಪೆಟ್ರೀಷಿಯಾ ಮೂರ್ ಎಂಬ ಅಮೆರಿಕದ ವಿನ್ಯಾಸಕಿ, ಆಗಿನ್ನೂ 26ರ ತರುಣಿ, ಎಂಬತ್ತು ದಾಟಿದ ಮುದುಕಿಯ ವೇಷ ಹಾಕಿ ಹೊರಟಳು. ಕಣ್ಣು ಮಂಜಾಗಿಸುವ ಕನ್ನಡಕ, ಕಿವಿಗೆ ಬಿರಡೆ, ಬೇಕೆಂದೇ ಪೆಡಸಾಗಿಸಿಕೊಂಡ ಕೈಕಾಲು. 1982ರವರೆಗೆ ಅಮೆರಿಕ, ಕೆನಡಾಗಳ ನೂರಕ್ಕೂ ಹೆಚ್ಚು ಊರುಗಳಲ್ಲಿ ಹಾಗೇ ಅಡ್ಡಾಡಿ, ಬಾಗಿಲು, ಬಸ್ಸು, ಅಂಗಡಿಗಳು ಮುದಿ ಮೈಯನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂದು ಕಂಡುಕೊಂಡಳು. ಕಾಲೇಜಿನಲ್ಲಿ ಅವಳ ಬಗ್ಗೆ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ಒಳಪರದೆಗೆ ಸುಮಾರು ಮೂರನೇ ಒಂದು ಭಾಗದಷ್ಟೇ ಬೆಳಕು ತಲುಪುತ್ತದೆ ಎಂಬುದೂ, ಹೊಳೆಯುವ ನೆಲ ಆ ಕಣ್ಣಿಗೆ ಒದ್ದೆ ನೆಲದಂತೆ ಕಾಣುತ್ತದೆ ಎಂಬುದೂ ಗೊತ್ತಿತ್ತು. ಕಟ್ಟಡಗಳಲ್ಲಿ ಎಲ್ಲರೂ ಸಲೀಸಾಗಿ ಓಡಾಡುವಂತಿರಬೇಕು ಎಂದು ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ತಂದ ಮಾರ್ಗಸೂಚಿಯನ್ನು ಆಫೀಸುಗಳ ಕೆಲಸಕ್ಕೆ ಬಳಸಿದವಳು ನಾನು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, 900 ಮಿಲಿಮೀಟರ್ ಅಗಲದ ಬಾಗಿಲು, ಎಲ್ಲ ಬಾಯಿಪಾಠ. ಅಮ್ಮನಿಗೆ ವಯಸ್ಸಾಗಿದೆ ಎಂಬುದನ್ನು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ. ಹಿಡಿಕೆ ಹಾಕಿಸಿದರೆ ಅದನ್ನು ಒಪ್ಪಿಕೊಂಡಂತಾಗುತ್ತಿತ್ತು. ಎಷ್ಟೋ ಮಕ್ಕಳು ಇದೇ ಅಳುಕಿಗೆ ಅಪ್ಪ ಅಮ್ಮನ ಬಚ್ಚಲನ್ನು ಹಾಗೇ ಬಿಟ್ಟಿರುತ್ತಾರೆ ಎಂದು ಈಗ ಅನ್ನಿಸುತ್ತದೆ.

ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಚೇತರಿಸಿಕೊಳ್ಳುತ್ತಿದ್ದಷ್ಟು ದಿನವೂ ಅಮ್ಮ ಊರಿನ ಜಪ ಬಿಡಲಿಲ್ಲ. ವಾಕರ್ ಹಿಡಿದು ನಡೆಯುವಂತಾದ ಮೇಲೆ ಅವಳನ್ನು ಕರೆದುಕೊಂಡೇ ಹೋದೆ. ಈ ಸಲ ನಕ್ಷೆ ಬರೆಯಲಿಲ್ಲ. ಅವಳು ಮಂಚದಿಂದ ಎದ್ದು ಬಚ್ಚಲಿಗೆ ಹೋಗಿ ಬಂದಳು, ನಾನು ಸೀಮೆಸುಣ್ಣ ಹಿಡಿದು ಹಿಂದೆ ಹೋದೆ. ಕೈ ಎಲ್ಲಿ ಗೋಡೆ ಹುಡುಕಿತೋ ಅಲ್ಲಿ ಗುರುತು ಹಾಕಿದೆ. ಒಂದು ಹಿಡಿಕೆಯನ್ನೂ ಅಂದಾಜಿನ ಮೇಲೆ ಹಾಕಿಸಲಿಲ್ಲ. ಟೈಲ್ಸ್ ದಾಟಿ ಇಟ್ಟಿಗೆಯೊಳಕ್ಕೆ ಬೋಲ್ಟ್ ಕೂರಿಸಿ, ಮುಷ್ಟಿಗೆ ಸಿಗುವಂಥ ಹಿಡಿಕೆಗಳನ್ನು ಮೇಸ್ತ್ರಿ ಕೂರಿಸಿದ, ತಾನೇ ಜೋತುಬಿದ್ದು ತೋರಿಸಿದ. ಬಚ್ಚಲಿಗೆ ಮತ್ತೆ ಒರಟು ಕಲ್ಲು ಬಂತು, ಒಳಗಿನ ತಗ್ಗು ಸಣ್ಣ ಇಳಿಜಾರಾಯಿತು, ಅದರ ಅಂಚಿಗೆ ಕಡುಗಪ್ಪು ಪಟ್ಟಿ. ಕಾಲಿಟ್ಟರೆ ತಾನಾಗಿ ಹೊತ್ತುವ ದೀಪ ಮಂಚದ ಕೆಳಗಿಂದ ಓಣಿಯವರೆಗೆ. ಬೀಟೆ ಕುರ್ಚಿ ಅಟ್ಟದಿಂದ ಇಳಿಯಿತು. ಅದರ ಕೈಗಳ ಮೇಲೆ ಭಾರ ಹಾಕಿ ಅಮ್ಮ ಏಳುವುದನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು.

ಹೆಬ್ಬಾಗಿಲ ಹೊಸ್ತಿಲು ತೆಗೆಸೋಣ ಎಂದೆ. "ಹೊಸ್ತಿಲಿಲ್ಲದ್ದು ಎಂಥ ಮನೆಯೇ?" ಎಂದಳು. ಅವಳು ಪ್ರತಿ ಶುಕ್ರವಾರ ಬಳಿಯುವ ಅರಿಶಿನದಿಂದ ಅದು ಮಬ್ಬಿನಲ್ಲೂ ಎದ್ದು ಕಾಣುತ್ತದೆ. ಹೊಸ್ತಿಲು ಉಳಿಯಿತು, ಎರಡೂ ಬದಿಗೆ ಹಿಡಿಕೆ ಬಂತು.

ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾಳೆ. ಮೊದಲಿನ ನಡಿಗೆ ಮರಳಿಲ್ಲ, ಮರಳುವುದೂ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಆದರೆ ಇರುವುದು ಅವಳ ಮನೆಯಲ್ಲೇ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಇವತ್ತೇ ಬಚ್ಚಲಿಗೆ ಹೋಗಿ ಟವೆಲ್ ರಾಡನ್ನು ಹಿಡಿದು ಎಳೆದು ನೋಡಿ. ಸ್ವಲ್ಪ ಅಲುಗಾಡಿದರೂ ನಾಳೆಯೇ ಮೇಸ್ತ್ರಿಯನ್ನು ಕರೆಸಿ. ಹಿಡಿಕೆ ಎಲ್ಲಿಗೆ ಬೇಕು ಎಂದು ಅವನಿಗೆ ನೀವು ಹೇಳಬೇಡಿ, ಆ ಹಿರಿಯರೇ ತೋರಿಸಲಿ.