ಆಗದ ಲೆಕ್ಕ

ಕಾಲೇಜಿನಲ್ಲಿ ಓದುವ ಮೊಮ್ಮಗಳು ಬೇಸಿಗೆ ರಜೆಯಲ್ಲಿ ನನಗೊಂದು ಲೆಕ್ಕವನ್ನಿತ್ತಳು. 1ರಿಂದ 5ರವರೆಗಿನ ಸಂಖ್ಯೆಗಳಿಗೆ ಕೆಂಪು, ನೀಲಿ ಎರಡೇ ಬಣ್ಣಗಳನ್ನು ಹಚ್ಚಬೇಕು. ಒಂದೇ ಬಣ್ಣದ ಎರಡನ್ನು ಕೂಡಿದರೆ ಅದೇ ಬಣ್ಣದ ಸಂಖ್ಯೆ ಬರಕೂಡದು. 1ಕ್ಕೆ 1ನ್ನೇ ಕೂಡುವುದೂ ಲೆಕ್ಕಕ್ಕುಂಟು. 1, 4 ಕೆಂಪು. 2, 3 ನೀಲಿ. ಇಲ್ಲಿಯವರೆಗೆ ಸುಗಮ. 5 ಮಾತ್ರ ಎತ್ತಲೂ ಸೇರಲೊಲ್ಲದು.

“ಆಗುವುದಿಲ್ಲ, ತಾತ” ಎಂದಳು. ಹಾಗೆಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಉಪಾಧ್ಯಾಯ ನಾನು, ಸುಮ್ಮನಿರಲಾದೀತೆ? ರಾತ್ರಿಯವರೆಗೂ ಹೆಣಗಿದೆ.

ಬೆಳಿಗ್ಗೆ ಅವಳು ಆರು ಚುಕ್ಕೆಗಳನ್ನಿಟ್ಟು ಅವಕ್ಕೆ 0ಯಿಂದ 5ರವರೆಗೆ ಅಂಕೆ ಹಾಕಿದಳು. ಪ್ರತಿ ಎರಡು ಚುಕ್ಕೆಗಳನ್ನೂ ಗೆರೆಯಿಂದ ಸೇರಿಸಿ, ಅವುಗಳ ವ್ಯತ್ಯಾಸಕ್ಕೆ ಯಾವ ಬಣ್ಣವೋ ಅದನ್ನೇ ಗೆರೆಗೂ ಕೊಟ್ಟಳು. ಒಂದು ಚುಕ್ಕೆಯಿಂದ ಐದು ಗೆರೆಗಳು ಹೊರಡುವುವಷ್ಟೆ. ಬಣ್ಣ ಹೇಗೇ ಹಚ್ಚಿರಲಿ, ಅವುಗಳಲ್ಲಿ ಮೂರಾದರೂ ಒಂದೇ ಬಣ್ಣದವು, ಕೆಂಪೆನ್ನೋಣ. ಆ ಮೂರರ ತುದಿಗಳ ನಡುವೆ ಒಂದು ಗೆರೆ ಕೆಂಪಾದರೂ ಕೆಂಪು ತ್ರಿಕೋನ. ಇಲ್ಲವಾದರೆ ತುದಿಗಳದೇ ನೀಲಿ ತ್ರಿಕೋನ. ತ್ರಿಕೋನದ ಎರಡು ಚಿಕ್ಕ ವ್ಯತ್ಯಾಸಗಳನ್ನು ಕೂಡಿದರೆ ಮೂರನೆಯದೇ ಬರುವುದು! ಸಂಖ್ಯೆಗಳ ವ್ಯಾಜ್ಯಕ್ಕೆ ಚುಕ್ಕೆಗಳು ಸಾಕ್ಷಿ ನುಡಿದುವು.

ಬಣ್ಣಗಳೆಷ್ಟಿದ್ದರೂ ಒಂದೆಡೆ ಹೀಗೆ ಸೋಲು ಖಂಡಿತವೆಂದು ಷೂರ್ ಎಂಬ ಗಣಿತಜ್ಞರು 1916ರಲ್ಲಿಯೇ ತೋರಿಸಿದ್ದರು. ಚುಕ್ಕೆ ಗೆರೆಗಳ ನ್ಯಾಯವನ್ನು ವಿಸ್ತರಿಸಿ ಸಾಧಿಸಿದ ರಾಮ್ಸೆಯವರು 1930ರಲ್ಲಿ, ಕೇವಲ 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ಐದು ಬಣ್ಣಗಳಿಗೆ 160ರವರೆಗೆ ಮಾತ್ರ ಸಾಗಬಹುದೆಂಬುದು ಗಣಕಯಂತ್ರಗಳ ನೆರವಿನಿಂದ 2017ರಲ್ಲಿ ಸ್ಥಿರವಾಯಿತು.

ಬೆಂಚಿನ ಮೇಲೆ ನಿಂತವರಲ್ಲಿ ಎಷ್ಟು ಮಂದಿ ನಿಜ ನುಡಿದಿದ್ದರೋ! ಮೊಮ್ಮಗಳು ಈಗ ಹಸಿರು ಪೆನ್ಸಿಲನ್ನೂ ಕೊಟ್ಟಿದ್ದಾಳೆ. ಮೂರು ಬಣ್ಣಗಳಲ್ಲಿ 13ರವರೆಗೆ ಹೋಗಬಹುದಂತೆ, ನಾನಿನ್ನೂ 11ರಲ್ಲಿದ್ದೇನೆ.