ಪರದೇಶದಿಂದ ಬಂದ ಉಪಾಧ್ಯಾಯಿನಿ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ವಿಷಯಕ್ಕಾಗಿ ನಾವು ಬಹಳ ಯೋಚಿಸಬೇಕಾಗಲಿಲ್ಲ. ದಕ್ಷಿಣ ಕನ್ನಡದಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವವರು ಅವಶ್ಯವಾಗಿ ತಿಳಿದಿರಬೇಕಾದ ಹೆಸರೊಂದಿದೆ. ಅದು ಶ್ರೀಮತಿ ಮಾರ್ಗರೆಟ್ ಕಸಿನ್ಸ್ ಎಂಬವರದು. ಐರ್ಲೆಂಡಿನಲ್ಲಿ ಹುಟ್ಟಿದ ಇವರು 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಆದರೂ ಪುತ್ತೂರು, ಸುಳ್ಯ, ಕಡಬಗಳ ನಮ್ಮ ಮನೆಗಳಲ್ಲಿ ಇವರನ್ನು ಬಲ್ಲವರು ವಿರಳ.

ಇವರು 1878ರ ನವೆಂಬರ್ 7ರಂದು ಬಾಯ್ಲ್ ಎಂಬ ಊರಲ್ಲಿ ಜನಿಸಿದರು. ಡಬ್ಲಿನ್ನಿನಲ್ಲಿ ಸಂಗೀತವನ್ನು ಅಭ್ಯಸಿಸಿ ಉಪಾಧ್ಯಾಯಿನಿಯಾದರು. 1903ರಲ್ಲಿ ಕವಿ ಜೇಮ್ಸ್ ಕಸಿನ್ಸರನ್ನು ವಿವಾಹವಾದರು. ಸ್ತ್ರೀಯರಿಗೆ ವೋಟಿನ ಹಕ್ಕು ದೊರೆಯಬೇಕೆಂದು 1908ರಲ್ಲಿ ಗೆಳತಿಯರೊಡನೆ ಸಂಘವೊಂದನ್ನು ಸ್ಥಾಪಿಸಿದರು. ಲಂಡನ್ನಿನಲ್ಲಿ ಪ್ರಧಾನಮಂತ್ರಿಯ ನಿವಾಸದ ಕಿಟಕಿಗೆ ಕಲ್ಲೆಸೆದುದಕ್ಕಾಗಿ 1910ರಲ್ಲಿ ಒಂದು ತಿಂಗಳ ಸೆರೆವಾಸವನ್ನು ಅನುಭವಿಸಿದರು. 1913ರಲ್ಲಿ ಡಬ್ಲಿನ್ನಿನಲ್ಲಿ ಇಂಥದೇ ಕಾರ್ಯಕ್ಕಾಗಿ ಮರಳಿ ಸೆರೆಮನೆಗೆ ಹೋಗಿ, ರಾಜಕೀಯ ಕೈದಿಗಳ ಮರ್ಯಾದೆಯನ್ನು ಕೇಳಿ ಉಪವಾಸ ಮಾಡಿದರು. ಕಲ್ಲೆಸೆಯುವುದನ್ನು ನಾವು ನಮ್ಮ ಹುಡುಗಿಯರಿಗೆ ಕಲಿಸುವವರಲ್ಲ. ಆದರೆ ಸಂಗೀತಕ್ಕೆ ಪಳಗಿದ ಕೈ ಕಲ್ಲನ್ನು ಹಿಡಿಯಬೇಕಾದರೆ, ಎಷ್ಟು ಮನವಿಗಳು ನಿಷ್ಫಲವಾಗಿ ಹಿಂದಿರುಗಿರಬೇಕೆಂಬುದನ್ನು ವಾಚಕರು ಊಹಿಸಬಹುದು.

1915ರಲ್ಲಿ ದಂಪತಿಗಳು ಭಾರತಕ್ಕೆ ಬಂದು ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿನಲ್ಲಿ ನೆಲೆಸಿದರು. 1919ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದಾಗ 'ಜನ ಗಣ ಮನ'ದ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರು ಈ ಸಂಗೀತಜ್ಞೆಯೇ. ಇದಕ್ಕೆ ಮುಂಚೆ, 1917ರಲ್ಲಿ, ಶ್ರೀಮತಿ ಆನಿ ಬೆಸೆಂಟ್ ಮೊದಲಾದವರೊಡನೆ ಭಾರತೀಯ ಮಹಿಳಾ ಸಂಘವನ್ನು ಕಟ್ಟಿದ್ದರು. ಅದೇ ವರ್ಷದ ಡಿಸೆಂಬರ್ 18ರಂದು ಶ್ರೀಮತಿ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ಸ್ತ್ರೀಯರ ನಿಯೋಗವೊಂದು ಮದ್ರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗ್ಯು ಸಾಹೇಬರನ್ನು ಕಂಡಿತು. ಅದನ್ನು ಸಿದ್ಧಪಡಿಸಿದ ಶ್ರಮ ಕಸಿನ್ಸರದು. ಹೊಸ ಸುಧಾರಣೆಗಳಲ್ಲಿ 'ಜನರು' ಎಂದರೆ ಸ್ತ್ರೀಯರೂ ಸೇರಿದವರೆಂದು ತಿಳಿಯಬೇಕೆಂಬುದು ಅವರ ಬೇಡಿಕೆಗಳಲ್ಲೊಂದಾಗಿತ್ತು.

ಆ ನಿರ್ಣಯವನ್ನು ಸರಕಾರವು ಆಯಾ ಪ್ರಾಂತದ ಶಾಸನಸಭೆಗೆ ಬಿಟ್ಟಿತು. ಮದ್ರಾಸು ಪ್ರಾಂತವು 1921ರಲ್ಲಿ ಸ್ತ್ರೀಯರಿಗೆ ವೋಟನ್ನು ಕೊಟ್ಟಿತು. ನಮ್ಮ ಜಿಲ್ಲೆಯು ಅಂದು ಆ ಪ್ರಾಂತಕ್ಕೆ ಸೇರಿದುದಾಗಿತ್ತು. ಸುಳ್ಯವೂ ಕಡಬವೂ ಆಗ ಪ್ರತ್ಯೇಕ ತಾಲೂಕುಗಳಾಗಿರಲಿಲ್ಲ. ಆಸ್ತಿ, ತೀರ್ವೆಗಳ ನಿಬಂಧನೆಯಿದ್ದುದರಿಂದ ಆ ಹಕ್ಕು ಕೆಲವರಿಗಷ್ಟೇ ದಕ್ಕಿತು. ಆದರೂ ಮುಚ್ಚಿದ್ದ ಬಾಗಿಲು ತೆರೆಯಿತು.

1922ರಲ್ಲಿ ಕಸಿನ್ಸರು ಈ ದೇಶದ ಮೊದಲ ಮಹಿಳಾ ಮ್ಯಾಜಿಸ್ಟ್ರೇಟರಾದರು. 1926ರಲ್ಲಿ ಸ್ತ್ರೀಯರು ಶಾಸನಸಭೆಯ ಸದಸ್ಯತ್ವಕ್ಕೂ ಸ್ಪರ್ಧಿಸಬಹುದೆಂದಾಗ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಹುರಿದುಂಬಿಸಿ ನಿಲ್ಲಿಸಿದರು. ಕೆಲವೇ ದಿನಗಳ ಪ್ರಚಾರ. ಕೆಲವೇ ಮತಗಳ ಸೋಲು. ಮರುವರ್ಷ ಪುಣೆಯಲ್ಲಿ ಕೂಡಿದ ಅಖಿಲ ಭಾರತ ಮಹಿಳಾ ಪರಿಷತ್ತಿಗೆ ಕಸಿನ್ಸರ ಕರೆಯೇ ಮೂಲ. 1932ರಲ್ಲಿ ಸರಕಾರದ ಕಠಿಣ ಶಾಸನಗಳ ವಿರುದ್ಧ ಭಾಷಣ ಮಾಡಿ, ತನ್ನದಲ್ಲದ ದೇಶದ ಸ್ವಾತಂತ್ರ್ಯಕ್ಕಾಗಿ ಒಂದು ವರ್ಷದ ಶಿಕ್ಷೆಯನ್ನು ಹೊತ್ತರು. 1936ರಲ್ಲಿ ಪರಿಷತ್ತಿನ ಅಧ್ಯಕ್ಷೆಯಾದರು.

ಇಷ್ಟೆಲ್ಲ ಮಾಡಿದವರು ಮುಂದೆ ಮಾಡಿದ್ದು ಇನ್ನೂ ಕಠಿಣವಾದ ಕೆಲಸವೆಂದು ನಮ್ಮ ಭಾವನೆ. ಭಾರತೀಯ ಸ್ತ್ರೀಯರೇ ಮುಂದಾಳುಗಳಾಗಿ ಬಂದಾಗ, ತನ್ನ ನೇರವಾದ ಪಾತ್ರ ಇನ್ನು ಬೇಕಾಗಿಲ್ಲವೆಂದು ಅರಿತು, ಹೋರಾಟದಲ್ಲಿರಬೇಕೆಂಬ ಹಂಬಲವಿದ್ದೂ ಪಕ್ಕಕ್ಕೆ ಸರಿದರು. ಉಪಾಧ್ಯಾಯಿನಿಯರಾದ ನಮಗೆ ಇದು ಚೆನ್ನಾಗಿ ಅರ್ಥವಾಗುವ ಮಾತು. ನಾವು ಕಲಿಸುವುದೇ, ನಮ್ಮ ಸಹಾಯವಿಲ್ಲದೆ ಹುಡುಗಿಯರು ನಡೆಯಲೆಂದು.

ಈ ಚರಿತ್ರೆಯು ನಮ್ಮ ಮಕ್ಕಳಿಗೆ ಏತಕ್ಕೆ ಬೇಕು? ಘಟ್ಟದ ತಪ್ಪಲಿನ ಈ ತಾಲೂಕುಗಳಿಗೆ ಬಂದು ನೆಲೆಸಿದವರು ಅನೇಕರು. ಕೇರಳದಿಂದ ಬಂದು ಕಾಡುಗುಡ್ಡಗಳಲ್ಲಿ ಕೃಷಿ ಮಾಡಿದ ಕುಟುಂಬಗಳಿವೆ. 1964ರ ಒಪ್ಪಂದದ ಬಳಿಕ ಸಿಂಹಳದಿಂದ ಬಂದು ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ದುಡಿದ ತಮಿಳು ಕುಟುಂಬಗಳಿವೆ. ಒಂದು ವರ್ಷ ನಮ್ಮ ಶಾಲೆಯ ವಿದ್ಯಾರ್ಥಿನಿ ನಾಯಕಿಯ ಚುನಾವಣೆಗೆ ಅಂಥ ಮನೆಯ ಹುಡುಗಿಯೊಬ್ಬಳ ಹೆಸರನ್ನು ಸಹಪಾಠಿಗಳು ಸೂಚಿಸಿದರು. ಮರುದಿನ ಅವಳ ತಾಯಿ ತೋಟದ ಕೆಲಸ ಮುಗಿಸಿ ನೇರವಾಗಿ ನಮ್ಮ ಕೋಣೆಗೆ ಬಂದರು. "ಟೀಚರೇ, ಮಗಳ ಹೆಸರು ತೆಗೆದುಬಿಡಿ. ನಾವು ಬಂದವರು. ನಾಳೆ ಯಾರಾದರೂ ಏನಾದರೂ ಹೇಳಿದರೆ ಅವಳಿಗೆ ಬೇಜಾರಾಗ್ತದೆ" ಎಂದರು. ಮಗಳು ಹುಟ್ಟಿದ್ದು ಎಲ್ಲಿ ಎಂದು ಕೇಳಿದೆವು. "ಇಲ್ಲೇ, ಸುಳ್ಯದಲ್ಲಿ" ಎಂದರು. ನೀವು ಹುಟ್ಟಿದ್ದು? "ನಾನೂ ಇಲ್ಲೇ." ಹಾಗೆ ಹೇಳಿದ ಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಗ ಅವರಿಗೆ ಕಸಿನ್ಸರ ಕಥೆಯನ್ನು ಹೇಳಿದೆವು. ಹೆಸರು ಉಳಿಯಿತು. ಹುಡುಗಿ ಗೆಲ್ಲಲಿಲ್ಲ, ಎರಡನೆಯವಳಾಗಿ ಉಪನಾಯಕಿಯಾದಳು. ಫಲಿತಾಂಶವನ್ನು ಓದಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವಳು ಗೆದ್ದವಳೇ.

ವೋಟಿನ ಹಕ್ಕು ಹೊಸದಾಗಿದ್ದ ಈ ಸೀಮೆಯಿಂದಲೇ ಮುಂದೆ ಸ್ತ್ರೀಯರು ವಿಧಾನಸಭೆಗೆ ಹೋದರು: ಪುತ್ತೂರಿನಿಂದ 2004, 2008, 2013ರ ಚುನಾವಣೆಗಳಲ್ಲಿ, ಕಡಬವೂ ಸೇರಿದ ಸುಳ್ಯ ಕ್ಷೇತ್ರದಿಂದ 2023ರಲ್ಲಿ. ಪಂಚಾಯತುಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಇದಾವುದೂ ತಾನಾಗಿ ಬಂದುದಲ್ಲ.

ಕಸಿನ್ಸರ ಕೊನೆಯ ವರ್ಷಗಳು ಪಾರ್ಶ್ವವಾಯುವಿನಿಂದ ಹಾಸಿಗೆಯಲ್ಲೇ ಕಳೆದವು. ಅವರ ಸೇವೆಯನ್ನು ನೆನೆದು ಮದ್ರಾಸು ಸರಕಾರವೂ ಆಮೇಲೆ ನೆಹರೂ ಅವರೂ ಹಣದ ನೆರವನ್ನಿತ್ತರು. 1954ರ ಮಾರ್ಚ್ 11ರಂದು, ತಾವು ಆರಿಸಿಕೊಂಡ ಈ ದೇಶದಲ್ಲಿಯೇ ಅವರು ತೀರಿಕೊಂಡರು.

ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೇ: ನಿಮ್ಮ ಮಗಳ ಹೆಸರನ್ನು ಊರಿನವರು ಸಾರ್ವಜನಿಕ ಸೇವೆಗೆ ಕೇಳಿದರೆ, ನಮಗೇಕೆ ಈ ಉಸಾಬರಿ ಎನ್ನುವ ಮೊದಲು ಒಮ್ಮೆ ಅವಳ ಅಭಿಪ್ರಾಯವನ್ನು ಕೇಳಿರಿ. ಹಳೆಯ ವಿದ್ಯಾರ್ಥಿನಿಯರಾದ ನೀವೋ, ಮದುವೆಯಾಗಿ, ಕೆಲಸಕ್ಕಾಗಿ, ಎಷ್ಟೋ ದೂರದ ಊರುಗಳನ್ನು ಸೇರಿರುವಿರಿ. ಸೇರಿದ ಊರಿನ ಕೆಲಸಕ್ಕೆ ಕೈಕೊಡಿರಿ. ನಿಮ್ಮ ಊರಿಗೆ ಬಂದವರಿಗೆ ಸ್ಥಳಕೊಡಿರಿ ಎಂದು ಹಾರೈಸುತ್ತೇವೆ.